ವೋಟು ಹಾಕುವುದಕ್ಕೆ ಮಾತ್ರ ನಮಗೆ ತಿಳಿಯುತ್ತದೆಯೇ?

ಅರ್ಥಶಾಸ್ತ್ರ ಪಾಠ ಮಾಡಿ ಬದುಕಿದವನು ನಾನು. ಕುಂದಾಪುರ ಕಡೆಯ ಮಕ್ಕಳಿಗೆ ಬ್ಯಾಂಕಿಂಗ್ ಅಧ್ಯಾಯ ಹೇಳಿಕೊಡಲು ನನಗೆ ಪುಸ್ತಕವೇ ಬೇಕಾಗುತ್ತಿರಲಿಲ್ಲ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳಿಂದ ಕೆನರಾ ಬ್ಯಾಂಕ್. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರಿಂದ ಕಾರ್ಪೊರೇಶನ್ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಎ.ಬಿ. ಶೆಟ್ಟರ ಮುಂದಾಳತ್ವದಲ್ಲಿ ವಿಜಯಾ ಬ್ಯಾಂಕ್. ಅಂದಿನ ಒಂದೇ ಜಿಲ್ಲೆ ದೇಶಕ್ಕೆ ಇಷ್ಟು ಬ್ಯಾಂಕುಗಳನ್ನು ಕೊಟ್ಟಿತು ಎಂದು ಹೇಳುವಾಗ ಮಕ್ಕಳ ಮುಖದಲ್ಲಿ ಹೆಮ್ಮೆ ಕಾಣುತ್ತಿತ್ತು.

ಅದರಲ್ಲೂ ಪಿಗ್ಮಿಯ ಕಥೆ ನನಗೆ ಬಲು ಇಷ್ಟ. ಕೈಮಗ್ಗದ ನೇಕಾರರಿಗೆ ಆಸರೆಯಾಗಲೆಂದು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಹುಟ್ಟಿದ ಸಿಂಡಿಕೇಟ್, 1928ರಲ್ಲಿ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕೂಡಿಸಿಕೊಳ್ಳುವ ಯೋಜನೆ ತಂದಿತು. ಬೀಡಿ ಕಟ್ಟುವವರು, ಮೀನು ಮಾರುವವರು, ಚಾದಂಗಡಿಯವರು ಎಲ್ಲರೂ ಪಿಗ್ಮಿ ಕಟ್ಟಿದರು. ಈ ಬ್ಯಾಂಕುಗಳ ಬೇರು ಇರುವುದು ಇಂಥ ಚಿಲ್ಲರೆ ದುಡ್ಡಿನಲ್ಲಿ ಎಂದು ನಾನು ಪಾಠ ಮಾಡುತ್ತಿದ್ದೆ.

ಅದೇ ಬಾಯಲ್ಲಿ ಇನ್ನೊಂದು ಪಾಠವನ್ನೂ ಮಾಡುತ್ತಿದ್ದೆ. 1991ರ ಆರ್ಥಿಕ ಸುಧಾರಣೆಯ ಹೊತ್ತಿಗೆ ಬಂದ ನರಸಿಂಹಂ ಸಮಿತಿ, ದೇಶಕ್ಕೆ ಮೂರು ನಾಲ್ಕು ಭಾರೀ ಬ್ಯಾಂಕುಗಳು ಸಾಕು, ಅವುಗಳ ಕೆಳಗೆ ಎಂಟು ಹತ್ತು ರಾಷ್ಟ್ರೀಯ ಬ್ಯಾಂಕುಗಳು ಇರಲಿ ಎಂದಿತ್ತು. ನನಗೆ ಆ ತರ್ಕ ಪೂರ್ತಿ ಒಪ್ಪಿಗೆಯಾಗಿತ್ತು. ಹಣಕಾಸನ್ನು ತಿಳಿದವರ ಕೈಗೆ ಬಿಡಬೇಕು, ಜನ ನಡುವೆ ಬಂದರೆ ಭಾವನೆ ಬೆರೆತು ಕೆಲಸ ಕೆಡುತ್ತದೆ ಎಂದು ನಂಬಿದ್ದೆ. ‘ಬೇರೆ ದಾರಿಯೇ ಇಲ್ಲ’ ಎಂದು ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಮತ್ತೆ ಮತ್ತೆ ಹೇಳುತ್ತಿದ್ದ ಮಾತನ್ನು ತರಗತಿಯಲ್ಲಿ ಮೆಚ್ಚಿಗೆಯಿಂದಲೇ ಹೇಳಿದ್ದೇನೆ. ಬೇರೆ ದಾರಿ ಇಲ್ಲ ಎಂದಮೇಲೆ ಜನರನ್ನು ಕೇಳುವ ಅಗತ್ಯವೂ ಉಳಿಯುವುದಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

2018ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ವಿಜಯಾ ಬ್ಯಾಂಕ್ ಮತ್ತು ದೇನಾ ಬ್ಯಾಂಕುಗಳನ್ನು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನ ಮಾಡುವ ಪ್ರಸ್ತಾಪ ಮುಂದಿಟ್ಟಿತು. ಕರಾವಳಿಯಲ್ಲಿ ಬೇಸರ ಹುಟ್ಟಿತು. ವಿಜಯಾ ಲಾಭದಲ್ಲಿದ್ದ ಬ್ಯಾಂಕು. ದೇನಾಕ್ಕೆ ಹೊಸ ಸಾಲ ಕೊಡದಂತೆ ರಿಸರ್ವ್ ಬ್ಯಾಂಕ್ ಅದೇ ವರ್ಷ ನಿರ್ಬಂಧ ಹಾಕಿತ್ತು. ಚೆನ್ನಾಗಿ ನಡೆಯುತ್ತಿರುವುದರ ಹೆಸರನ್ನೇ ಯಾಕೆ ಅಳಿಸುತ್ತಾರೆ ಎಂದು ಜನ ಕೇಳುತ್ತಿದ್ದರು.

ಡಿಸೆಂಬರ್ 26ಕ್ಕೆ ಬ್ಯಾಂಕ್ ನೌಕರರು ದೇಶದಾದ್ಯಂತ ಮುಷ್ಕರ ಕರೆದಿದ್ದರು. ಅದಕ್ಕೆ ಸ್ವಲ್ಪ ಮುಂಚೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ. ‘ಸರ್, ಹೆಮ್ಮಾಡಿಯಲ್ಲಿ ಒಬ್ಬರ ಮನೆ ಜಗಲಿಯಲ್ಲಿ ನಾಕು ಜನ ಸೇರ್ತೇವೆ. ವಿಷಯ ಎಂತ ಅಂತ ನೀವು ಸರಳವಾಗಿ ಹೇಳ್ಬೇಕು. ಆಮೇಲೆ ನಮ್ಮ ಸಂಸದರಿಗೆ ಒಂದು ಮನವಿ ಬರೆಯುವ ಅಂತ’ ಎಂದ. ಒಪ್ಪಿಕೊಂಡೆ.

ಸೇವಂತಿಗೆ ಗಿಡಗಳಲ್ಲಿ ಮೊಗ್ಗು ಬಿರಿಯುವ ಕಾಲ. ಮಕರ ಸಂಕ್ರಮಣದ ಮಾರಣಕಟ್ಟೆ ಜಾತ್ರೆಗೆ ಹೂವು ಸಿದ್ಧವಾಗಬೇಕು, ಹೆಮ್ಮಾಡಿಯ ಬೆಳೆಗಾರರಿಗೆ ಬಿಡುವೇ ಇರುವುದಿಲ್ಲ. ಆದರೂ ಗದ್ದೆ ಕೆಲಸ ಮುಗಿಸಿ ಬಂದಿದ್ದರು. ಬೀಡಿ ಕಟ್ಟುವ ಹೆಂಗಸರು, ರಿಕ್ಷಾದವರು, ಕೊಲ್ಲೂರಿಗೆ ತಿರುಗುವ ರಸ್ತೆಯ ಬದಿಯ ಅಂಗಡಿಯವರು ಕೂತಿದ್ದರು. ಸಹಿ ಹಾಕಲು ಹಾಳೆ ಸಿದ್ಧವಿತ್ತು.

ನಾನು ಎದ್ದು ನಿಂತು ಪಾಠ ಶುರುಮಾಡಿದೆ. ವಸೂಲಾಗದ ಸಾಲ, ಬಂಡವಾಳದ ಕೊರತೆ, ದೊಡ್ಡ ಬ್ಯಾಂಕಿಗೆ ಸಿಗುವ ಲಾಭ, ಚೀನಾದ ಬ್ಯಾಂಕುಗಳ ಗಾತ್ರ, ಎಲ್ಲವನ್ನೂ ಹೇಳಿದೆ. ಯಾವ ಕೆಲಸಕ್ಕೆ ಕರೆದಿದ್ದರೋ ಅದಕ್ಕೆ ಎದುರಾಗಿಯೇ ಮಾತಾಡಿದೆ. ವಿಲೀನ ಒಳ್ಳೆಯದು, ಹೆಸರಿನ ಮೇಲಿನ ಪ್ರೀತಿ ಬೇರೆ, ಅರ್ಥಶಾಸ್ತ್ರ ಬೇರೆ ಎಂದು ಮುಗಿಸಿದೆ.

ಸೇವಂತಿಗೆ ಬೆಳೆಯುವ ಹಿರಿಯ ಹೆಂಗಸೊಬ್ಬರು ಕೇಳಿದರು: ‘ದುಡ್ಡ್ ನಮ್ದಲ್ದಾ ಮಾಷ್ಟ್ರೆ? ನಮ್ಮತ್ರ ಒಂದ್ ಮಾತ್ ಕೇಂಬುಕಾಗ್ದಾ?’

‘ಅಕ್ಕ, ಇದೆಲ್ಲ ತಜ್ಞರು ತೀರ್ಮಾನ ಮಾಡುವ ವಿಷಯ. ನಮ್ಮ ನಿಮ್ಮಂಥವರಿಗೆ ತಿಳಿಯುವುದಲ್ಲ’ ಎಂದೆ.

‘ಹಾಂಗಾರೆ ವೋಟ್ ಹಾಕುಕ್ ಮಾತ್ರ ನಮಗ್ ತಿಳಿತ್ತಾ?’

ನಾನು ನಕ್ಕುಬಿಟ್ಟೆ. ಉತ್ತರ ಗೊತ್ತಿಲ್ಲದ ಮೇಷ್ಟ್ರು ನಗುವ ನಗು ಅದು. ನನ್ನ ಮೇಲಿನ ಗೌರವಕ್ಕೆ ಉಳಿದವರೂ ನಕ್ಕರು. ಆ ಅಕ್ಕ ನಗಲಿಲ್ಲ, ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಆಮೇಲೆ ಸಹಿ ಹಾಕಿದವರು ಬೆರಳೆಣಿಕೆಯಷ್ಟು ಜನ. ಮೇಷ್ಟ್ರೇ ಬೇಡ ಅಂದಮೇಲೆ ನಮಗೆ ಯಾಕೆ ಎಂದು ಒಬ್ಬೊಬ್ಬರಾಗಿ ಜಗಲಿ ಇಳಿದರು. ನನ್ನ ವಿದ್ಯಾರ್ಥಿ ಹಾಳೆ ಮಡಚಿ ಕಿಸೆಗೆ ಹಾಕಿಕೊಂಡ. ಒಂದು ಮಾತೂ ಆಡದೆ, ಟಾರ್ಚ್ ಹಿಡಿದು ನನ್ನನ್ನು ರಸ್ತೆಯವರೆಗೆ ಬಿಟ್ಟು ಹೋದ. ಅವನು ಸಿಟ್ಟಿನಿಂದ ನಾಲ್ಕು ಮಾತು ಆಡಿದ್ದರೆ ನಾನು ವಾದ ಮಾಡುತ್ತಿದ್ದೆ. ಅವನು ತೋರಿದ ಮರ್ಯಾದೆಗೆ ಎದುರಾಗಿ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

2019ರ ಜನವರಿ 2ರಂದು ಕೇಂದ್ರ ಸಂಪುಟ ವಿಲೀನಕ್ಕೆ ಒಪ್ಪಿತು, ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಇಲ್ಲವಾಯಿತು. ಮರುವರ್ಷ, 2020ರ ಏಪ್ರಿಲ್ 1ಕ್ಕೆ, ಊರೆಲ್ಲ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿಕೊಂಡಿದ್ದಾಗ ಸಿಂಡಿಕೇಟ್ ಕೆನರಾದೊಳಗೂ ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನೊಳಗೂ ಸೇರಿಹೋದವು. 2017ರಲ್ಲಿ 27 ಇದ್ದ ಸರ್ಕಾರಿ ಬ್ಯಾಂಕುಗಳು 12ಕ್ಕೆ ಇಳಿದವು.

2021ರ ಮಾರ್ಚ್ 1ಕ್ಕೆ ವಿಜಯಾದ, ಜುಲೈ 1ಕ್ಕೆ ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು ನಿಂತವು. ಪಾಸ್‌ಬುಕ್ ಹಿಡಿದು ಅಕ್ಕಪಕ್ಕದವರು ಅರ್ಜಿ ತುಂಬಿಸಲು ನನ್ನಲ್ಲಿಗೆ ಬರುತ್ತಿದ್ದರು. ಒಂದು ದಿನ ಆ ಅಕ್ಕನೂ ಬಂದರು. ‘ನಮಗ್ ಇದೆಲ್ಲ ತಿಳಿತಿಲ್ಲೆ ಮಾಷ್ಟ್ರೆ, ನೀವೇ ಬರ್ದ್ ಕೊಡಿ’ ಎಂದರು. ಅವರು ಕುಟುಕಲು ಹೇಳಿದ್ದಲ್ಲ. ಆದರೆ ಅದು ಜಗಲಿಯಲ್ಲಿ ನಾನೇ ಅವರಿಗೆ ಕಲಿಸಿದ ಮಾತು. ನೆಟ್ಟಗೆ ಕೇಳಬಲ್ಲ ಒಬ್ಬರಿಗೆ ‘ನಿನಗೆ ತಿಳಿಯುವುದಿಲ್ಲ’ ಎಂದು ಕಲಿಸಿದ ಮೇಷ್ಟ್ರು ನಾನು. ಅವರ ಹೆಸರು, ಖಾತೆ ಸಂಖ್ಯೆ ಬರೆಯುವಾಗ ಮುಖ ಎತ್ತಲಾಗಲಿಲ್ಲ.

ಅಂದು ರಾತ್ರಿ ದಿನಾಂಕಗಳನ್ನು ಜೋಡಿಸಿ ನೋಡಿದೆ. ಹೆಮ್ಮಾಡಿ ಬೈಂದೂರು ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು, ಲೋಕಸಭೆಗೆ ನಾವು ಶಿವಮೊಗ್ಗದವರು. ವಿಲೀನದ ಪ್ರಸ್ತಾಪ ಬಂದದ್ದು ಸೆಪ್ಟೆಂಬರಿನಲ್ಲಿ, ಶಿವಮೊಗ್ಗ ಲೋಕಸಭಾ ಉಪಚುನಾವಣೆ ನಡೆದದ್ದು 2018ರ ನವೆಂಬರ್ 3ಕ್ಕೆ. ವಿಲೀನ ಜಾರಿಗೆ ಬಂದ ಮೂರು ವಾರಕ್ಕೆ, 2019ರ ಏಪ್ರಿಲ್ 23ರಂದು, ಮತ್ತೆ ಮತದಾನ. ಆರು ತಿಂಗಳೊಳಗೆ ಎರಡು ಸಲ ಬೆರಳಿಗೆ ಶಾಯಿ ಹಚ್ಚಿಸಿಕೊಂಡವರು ನಾವು. ಮತ ಕೇಳಲು ಮನೆಗೆ ಬಂದವರನ್ನು ನಾನು ಬ್ಯಾಂಕಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಆಮೇಲೆ ಕಾನೂನು ತೆರೆದು ಓದಿದೆ. 1970 ಮತ್ತು 1980ರ ಬ್ಯಾಂಕ್ ರಾಷ್ಟ್ರೀಕರಣ ಕಾಯ್ದೆಗಳ 9ನೇ ಕಲಮಿನಂತೆ, ಸರ್ಕಾರ ರಿಸರ್ವ್ ಬ್ಯಾಂಕಿನೊಂದಿಗೆ ಸಮಾಲೋಚಿಸಿ ವಿಲೀನದ ಯೋಜನೆ ರೂಪಿಸಬಹುದು. ಠೇವಣಿದಾರರ ಅಹವಾಲು ಕೇಳಬೇಕೆಂಬ ನಿಯಮ ಅಲ್ಲಿಲ್ಲ. ಆದರೆ ಆ ಯೋಜನೆಯನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಇಡಬೇಕು, ಸದನಗಳು ಅದನ್ನು ತಿದ್ದಬಹುದು. ಅಂದರೆ ಸಂಸದರಿಗೆ ಮನವಿ ಬರೆಯೋಣ ಎಂದ ನನ್ನ ವಿದ್ಯಾರ್ಥಿ ಸರಿಯಾದ ಬಾಗಿಲನ್ನೇ ತಟ್ಟಲು ಹೊರಟಿದ್ದ. ಪಾಠ ಹೇಳಿದ ನನಗೆ ಆ ಬಾಗಿಲು ಇದೆಯೆಂದೇ ಗೊತ್ತಿರಲಿಲ್ಲ.

ಅವನ ಮನೆಗೆ ಹೋಗಿ ತಪ್ಪಾಯಿತು ಎಂದೆ. ‘ಸರ್, ಆವತ್ತು ಎಲ್ಲರೂ ಸಹಿ ಹಾಕಿದ್ರೂ ವಿಲೀನ ನಿಲ್ತಿರಲಿಲ್ಲ. ಆದ್ರೆ ನಾವು ಕೇಳಿದ್ದೆವು ಅಂತಾದ್ರೂ ಇರ್ತಿತ್ತು’ ಎಂದ.

ವಿಲೀನದ ಪರವಾಗಿ ಮಾತಾಡಿದ್ದು ನನ್ನ ತಪ್ಪಲ್ಲ. ವಾದದಲ್ಲಿ ಹುರುಳಿತ್ತು. ಕಾರ್ಪೊರೇಶನ್ ಬ್ಯಾಂಕ್ ವಸೂಲಾಗದ ಸಾಲದಿಂದ ಬಳಲಿತ್ತು, ರಿಸರ್ವ್ ಬ್ಯಾಂಕಿನ ನಿರ್ಬಂಧಕ್ಕೂ ಒಳಗಾಗಿತ್ತು. ಹಳೆಯ ಕಾಲವೂ ಚೊಕ್ಕವಾಗಿರಲಿಲ್ಲ. 1969ರ ಜುಲೈ 19ರಂದು ಕೆನರಾ, ಸಿಂಡಿಕೇಟ್ ಸೇರಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದದ್ದು ಸುಗ್ರೀವಾಜ್ಞೆಯಿಂದ. ಆಗಲೂ ಪಿಗ್ಮಿ ಕಟ್ಟುವವರನ್ನು ಯಾರೂ ಕೇಳಿರಲಿಲ್ಲ. ಆದರೆ ಅದರ ಮೇಲೆ ಸಂಸತ್ತಿನಲ್ಲಿ, ಸುಪ್ರೀಂ ಕೋರ್ಟಿನಲ್ಲಿ, ಚುನಾವಣೆಯ ಭಾಷಣಗಳಲ್ಲಿ ವಾದ ನಡೆಯಿತು. ನನ್ನ ತಪ್ಪು ಇರುವುದು ಆ ವಾದದ ಜಾಗವನ್ನೇ ಮುಚ್ಚಿದ್ದರಲ್ಲಿ. ಸರಿಯೋ ತಪ್ಪೋ ಎಂದು ಜನರ ಜೊತೆ ಮಾತಾಡುವ ಬದಲು, ಇದು ನೀವು ಕೇಳುವ ವಿಷಯವೇ ಅಲ್ಲ ಎಂದೆ.

ಹಣಕಾಸನ್ನು ಮಾರುಕಟ್ಟೆಗೂ ತಜ್ಞರಿಗೂ ಬಿಟ್ಟುಬಿಡಿ ಎನ್ನುವ ನವ ಉದಾರವಾದ ಪ್ರಜಾಪ್ರಭುತ್ವವನ್ನು ಕುಗ್ಗಿಸುವ ಬಗೆ ಇದೇ ಎಂದು ಈಗ ಅನ್ನಿಸುತ್ತದೆ. ಮತದಾನವನ್ನು ಅದು ನಿಲ್ಲಿಸುವುದಿಲ್ಲ. ಮತದಿಂದ ತೀರ್ಮಾನವಾಗಬೇಕಾದ ಸಂಗತಿಗಳನ್ನು ಒಂದೊಂದಾಗಿ ‘ತಾಂತ್ರಿಕ ವಿಷಯ’ದ ಪಟ್ಟಿಗೆ ಸೇರಿಸುತ್ತದೆ. ಸಾಲದಲ್ಲಿ ಮುಳುಗಿದ್ದ ಗ್ರೀಸ್ ದೇಶದಲ್ಲಿ ಜನರನ್ನು ಕೇಳಿಯೂ ಕೇಳದಂತಾಯಿತು. 2015ರ ಜುಲೈ 5ರ ಜನಮತಗಣನೆಯಲ್ಲಿ ಶೇ. 61ಕ್ಕಿಂತ ಹೆಚ್ಚು ಮಂದಿ ಸಾಲದಾತರ ಷರತ್ತು ಬೇಡವೆಂದರು. ಕೆಲವೇ ದಿನಗಳಲ್ಲಿ ಅವರ ಸರ್ಕಾರ ಇನ್ನೂ ಬಿಗಿಯಾದ ಷರತ್ತುಗಳಿಗೆ ತಲೆಬಾಗಿತು. ಅಷ್ಟು ದೊಡ್ಡ ಶಕ್ತಿಯ ಎದುರು ಜಗಲಿಯ ಒಂದು ಹಾಳೆ ಏನು ಮಾಡೀತು ಎಂದು ಕೇಳಬಹುದು.

ನಮ್ಮದೇ ಹೆದ್ದಾರಿಯಲ್ಲಿ ಉತ್ತರವಿದೆ. ಸುರತ್ಕಲ್ ಟೋಲ್‌ಗೇಟಿನ ವಿರುದ್ಧ ಜನ ವರ್ಷಗಟ್ಟಲೆ ಪಟ್ಟು ಬಿಡದೆ ಹೋರಾಡಿದರು. ಅದೂ ಗುತ್ತಿಗೆ, ಲೆಕ್ಕಾಚಾರ, ಅಧಿಸೂಚನೆಗಳ ‘ತಾಂತ್ರಿಕ’ ವಿಷಯವೇ ಆಗಿತ್ತು. ಕೊನೆಗೆ 2022ರ ಡಿಸೆಂಬರ್ 1ರಿಂದ ಅಲ್ಲಿ ಸುಂಕ ವಸೂಲಿ ನಿಂತಿತು. ಅಲ್ಲಿ ಹೋರಾಟಕ್ಕೆ ಕೂತವರೆಲ್ಲ ಅರ್ಥಶಾಸ್ತ್ರ ಓದಿದವರಲ್ಲ. ತಮ್ಮ ಕಿಸೆಯಿಂದ ಹೋಗುವ ದುಡ್ಡಿನ ಬಗ್ಗೆ ಕೇಳುವ ಹಕ್ಕು ತಮಗಿದೆ ಎಂದು ತಿಳಿದವರು.

ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಬ್ಯಾಂಕ್ ಶಾಖೆಯಲ್ಲಿ ಗ್ರಾಹಕ ಸೇವಾ ಸಮಿತಿ ತಿಂಗಳಿಗೊಮ್ಮೆ ಸೇರಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಅದಕ್ಕೆ ಹೋಗಿ ಕೂರಿ. ಸರ್ಕಾರಿ ಬ್ಯಾಂಕಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ಅನ್ವಯಿಸುತ್ತದೆ, ಅರ್ಜಿ ಹಾಕಿ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಗ್ರಾಮಸಭೆಯನ್ನು ತಪ್ಪಿಸಬೇಡಿ. ಮತ ಕೇಳಲು ಬಂದವರನ್ನು ನಿಮ್ಮ ದುಡ್ಡಿನ ಬಗ್ಗೆ ಒಂದಾದರೂ ಪ್ರಶ್ನೆ ಕೇಳದೆ ಕಳಿಸಬೇಡಿ. ಓದಿದವರಲ್ಲಿ, ಮುಖ್ಯವಾಗಿ ನನ್ನಂಥ ಮೇಷ್ಟ್ರುಗಳಲ್ಲಿ ಕೇಳಿಕೊಳ್ಳುವುದು ಇಷ್ಟೇ: ಯಾರಾದರೂ ಪ್ರಶ್ನೆ ಕೇಳಿದರೆ ಗೊತ್ತಿದ್ದಷ್ಟು ವಿವರಿಸಿ, ಗೊತ್ತಿಲ್ಲದಿದ್ದರೆ ಜೊತೆಗೆ ಕೂತು ಹುಡುಕಿ. ‘ಇದು ನಿಮಗೆ ತಿಳಿಯುವುದಲ್ಲ’ ಎಂದು ಮಾತ್ರ ಯಾರಿಗೂ ಹೇಳಬೇಡಿ.