ಕಾಲನ್ನು ಕಾಸು

ಕಲಾಸಿಪಾಳ್ಯದಲ್ಲಿ ಹಾರನ್ ಇಲ್ಲದ ಆಟೋ ಹತ್ತು ಮಾರು ಮುಂದೆ ಹೋಗಲಾರದು. ಮೊನ್ನೆ ನಾನು ಕೂತಿದ್ದ ಆಟೋದ ಹಾರನ್ ಸರಿಯಾಗಿ ಬಸ್‌ಸ್ಟ್ಯಾಂಡ್ ಪಕ್ಕದಲ್ಲೇ ಮಾತು ನಿಲ್ಲಿಸಿತು. "ಎರಡೇ ನಿಮಿಷ ಸಾರ್" ಎಂದು ಡ್ರೈವರು ಗಾಡಿಯನ್ನು ಆಟೋ ಎಲೆಕ್ಟ್ರಿಕಲ್ ಅಂಗಡಿಯೊಂದರ ಮುಂದೆ ತಳ್ಳಿ ನಿಲ್ಲಿಸಿದರು. ಒಳಗಿನಿಂದ ಬಂದ ಹುಡುಗ ಹ್ಯಾಂಡಲ್ಲಿನ ಸ್ವಿಚ್ಚು ಬಿಚ್ಚಿ, ಕಳಚಿಕೊಂಡಿದ್ದ ವೈರಿನ ತುದಿ ಹೆರೆದ. ಒಂದು ಕೈಯಲ್ಲಿ ಸ್ವಿಚ್ಚು, ಇನ್ನೊಂದರಲ್ಲಿ ಕಾದ ಬೆಸುಗೆಯ ಐರನ್, ಕರಗಿಸಿ ಬೆಸೆಯುವ ಲೆಡ್ ತಂತಿ ಹಲ್ಲಿನ ನಡುವೆ. ಅದರಲ್ಲಿ ಸೀಸ ಇರುತ್ತದಪ್ಪಾ, ಬಾಯಿಗೆ ಹಾಕಬಾರದು ಎಂದೆ. "ಮೂರನೇ ಕೈ ಎಲ್ಲಿಂದ ತರ್ಲಿ ಸಾರ್?" ಎಂದ, ಹಲ್ಲು ಸಡಿಲಿಸದೆ. ಚುಂಯ್ ಎಂದಿತು, ತೆಳ್ಳಗೆ ಬಿಳಿಯ ಹೊಗೆ ಎದ್ದಿತು, ಹಾರನ್ ಮತ್ತೆ ಬೊಬ್ಬೆ ಹಾಕಿತು.

ಆ ಬುದ್ಧಿವಾದ ಹೇಳುವಷ್ಟು ಧೈರ್ಯ ನನಗೆ ಬಂದದ್ದು ಇತ್ತೀಚೆಗೆ. ಕೆಲಸದಿಂದ ನಿವೃತ್ತನಾದ ಮೇಲೆ ಬೆಸುಗೆ ಕಲಿಯುತ್ತಿದ್ದೇನೆ. ದೇವರ ಮನೆಯ ಎಲ್‌ಇಡಿ ಪಟ್ಟಿಗೆ ಒಂದು ಪುಟ್ಟ ಸ್ವಿಚ್ಚು ಬೇಕಾಗಿತ್ತು. ಎಸ್‌ಪಿ ರೋಡಿಗೆ ಹೋದರೆ ಉಗುರಿನಷ್ಟರಿಂದ ಹೆಬ್ಬೆರಳಿನಷ್ಟರವರೆಗೆ ಸ್ವಿಚ್ಚುಗಳ ರಾಶಿ. ಒಂದರಲ್ಲಾದರೂ ವೈರು ಸಿಕ್ಕಿಸಿ ತಿರುಪು ಬಿಗಿಯುವ ಜಾಗವಿಲ್ಲ. ಹಿಂದೆ ಎರಡು ಮೂರು ತಗಡಿನ ಕಾಲುಗಳು ಚಾಚಿಕೊಂಡಿರುತ್ತವೆ, ಕಾಲಿಗೊಂದು ಸಣ್ಣ ತೂತು. "ಸಾಲ್ಡರ್ ಮಾಡ್ಕೋಬೇಕು" ಎಂದ ಅಂಗಡಿಯವನು, ನನ್ನ ಮುಖ ನೋಡಿ ಇಪ್ಪತ್ತೈದು ವಾಟಿನ ಐರನ್ನನ್ನೂ ಒಂದು ಸುತ್ತು ಲೆಡ್ಡನ್ನೂ ಕೇಳದೆಯೇ ಎದುರಿಗಿಟ್ಟ.

ಗುರು ದೂರದಲ್ಲಿರಲಿಲ್ಲ. ನಮ್ಮ ಮಹಡಿಯ ಮನೆಯ ಅಕ್ಕ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ಟೆಲಿಫೋನಿನ ಹೊಟ್ಟೆಯೊಳಗಿನ ವೈರುಗಳನ್ನು ಬೆಸೆದವರಲ್ಲಿ ಹೆಂಗಸರೇ ಬಹಳ. ರಿಸೀವರ್ ಎತ್ತಿದರೆ ಮೇಲೇಳುವ ಆ ಕೊಕ್ಕೆ ಇದೆಯಲ್ಲ, ಅದರ ಕೆಳಗಿರುವುದೂ ಒಂದು ಸ್ವಿಚ್ಚೇ ಎಂದು ನನಗೆ ಗೊತ್ತಾದದ್ದು ಅಕ್ಕನಿಂದ. ನಮ್ಮ ಬೀದಿಯ ಎಷ್ಟು ಮದುವೆ ಮಾತುಕತೆಗಳು ಅವರ ಬೆಸುಗೆಯ ಮೇಲೆ ನಿಂತಿದ್ದವೋ!

ಐರನ್ ತುದಿಯಲ್ಲಿ ಲೆಡ್ ಕರಗಿಸಿ, ಆ ಹನಿಯನ್ನು ಸ್ವಿಚ್ಚಿನ ಕಾಲಿಗೆ ಬಳಿಯುವುದು ಎಂಬುದು ಹೊಸಬರೆಲ್ಲರ ಅಂದಾಜು. ಅಕ್ಕ ಕೈ ಹಿಡಿದು ನಿಲ್ಲಿಸಿದರು. "ಲೆಡ್ಡನ್ನಲ್ಲ ಕಣೋ ಕಾಸೋದು. ಕಾಲನ್ನ ಕಾಸು. ಅದು ಕಾದ್ರೆ ಲೆಡ್ಡು ತಾನಾಗಿ ಹರಿದು ಬರುತ್ತೆ."

ಈ ಮಾತನ್ನು ನಾನು ಎಲ್ಲೋ ಕಂಡಿದ್ದೆ. ಕೇಳಿದ್ದಲ್ಲ, ಕಂಡಿದ್ದು. ಚಾಮರಾಜಪೇಟೆಯ ನಮ್ಮ ಮನೆಯ ಮುಂದೆ, ಹಬ್ಬಕ್ಕೆ ಮುಂಚೆ ಪಾತ್ರೆಗಳಿಗೆ ತವರ ಹಿಡಿಸಲು ಬರುತ್ತಿದ್ದ ಕಲಾಯಿಯವನ ಹತ್ತಿರ.

ಅವನು ಕಲಾಸಿಪಾಳ್ಯದ ಕಡೆಯಿಂದ ಬರುತ್ತಿದ್ದ. ಬೇವಿನ ಮರದ ಬುಡದಲ್ಲಿ ಒಂದು ಕುಳಿ ತೋಡಿ, ತಿದಿಯ ಮೂತಿಯನ್ನು ಮಣ್ಣಲ್ಲಿ ಹೂತು, ಇದ್ದಿಲು ಸುರಿದನೆಂದರೆ ಬೀದಿಯ ಮಕ್ಕಳಿಗೆಲ್ಲ ಆವತ್ತು ರಜ. ಅಜ್ಜಿ ಹಿತ್ತಾಳೆಯ ತಪ್ಪಲೆ, ಕೊಳಗ, ಅಗಲ ಬಾಯಿಯ ಪಾತ್ರೆಗಳನ್ನು ಸಾಲಾಗಿ ತಂದಿಡುತ್ತಿದ್ದರು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಬೆಂದರೆ ಕಿಲುಬು ಬಿಟ್ಟುಕೊಳ್ಳುತ್ತದೆ, ಸಾರು ಕೆಡುತ್ತದೆ, ಉಂಡವರ ಹೊಟ್ಟೆ ಕೆಡುತ್ತದೆ. ಕಲಾಯಿಯವನು ಪಾತ್ರೆಯನ್ನು ಮರಳು ಹಾಕಿ ತಿಕ್ಕುವುದಕ್ಕೇ ಅರ್ಧ ಹೊತ್ತು ಕಳೆಯುತ್ತಿದ್ದ. ಆಮೇಲೆ ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ತಿರುಗಿಸುತ್ತಲೇ ಇರುತ್ತಿದ್ದ. ತವರದ ಕಡ್ಡಿ ಪಕ್ಕದಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಹಾಕಯ್ಯ, ಹಾಕಯ್ಯ ಎಂದು ನಮಗೆ ಅವಸರ. ಪಾತ್ರೆ ಹದಕ್ಕೆ ಬಂದಾಗ ಒಂದು ಚಿಟಿಕೆ ನವಸಾಗರ ಎರಚುತ್ತಿದ್ದ. ಬುಸ್ಸೆಂದು ಬಿಳಿ ಹೊಗೆ, ಮೂಗಿಗೆ ಘಾಟು. ಕಡ್ಡಿಯನ್ನು ಒಮ್ಮೆ ಮುಟ್ಟಿಸಿ ತೆಗೆದರೆ ಸಾಕು, ತವರ ಕರಗಿ ಹೊಳೆಯುತ್ತಿತ್ತು. ಹತ್ತಿಯ ಮುದ್ದೆಯಿಂದ ಸರ್ರನೆ ಒಂದು ಸುತ್ತು ಒರೆಸಿದರೆ ಹಳದಿ ಪಾತ್ರೆಯ ಒಳಗೆ ಬೆಳ್ಳಿ.

ಆ ನವಸಾಗರ ಏನು ಮಾಡುತ್ತಿತ್ತೆಂಬುದು ಈಗ ಅರ್ಥವಾಗಿದೆ. ಕಾದಾಗ ಅದು ಒಡೆದು ಆಮ್ಲದ ಆವಿ ಬಿಡುತ್ತದೆ. ಲೋಹದ ಮೈಮೇಲೆ ಕಣ್ಣಿಗೆ ಕಾಣದಂತೆ ಕೂತಿರುವ ಕಿಲುಬನ್ನು ಆ ಆವಿ ತಿಂದುಹಾಕುತ್ತದೆ. ಕಿಲುಬಿದ್ದ ಕಡೆ ತವರ ಹಿಡಿಯುವುದಿಲ್ಲ. ವೈರಿನ ಬೆಸುಗೆಗೆ ನವಸಾಗರ ಹಾಕುವ ಹಾಗಿಲ್ಲ, ಉಳಿದ ಅಂಶ ತಾಮ್ರದ ಎಳೆಗಳನ್ನು ಮೆಲ್ಲಗೆ ಕೊರೆಯುತ್ತ ಹೋಗುತ್ತದೆ. ಅದಕ್ಕೇ ಇಲ್ಲಿ ಪೈನ್ ಮರದ ರಾಳ. ಬಳೆಪೇಟೆಯಿಂದ ಕೊಂಡು ತಂದು ಪಿಟೀಲಿನವರು ಕಮಾನಿಗೆ ತಿಕ್ಕುತ್ತಾರಲ್ಲ, ಅದೇ ಜಾತಿಯದು. ಲೆಡ್ ತಂತಿಯ ನಡುವೆ ಅದನ್ನು ತುಂಬಿಯೇ ಮಾರುತ್ತಾರೆ. ಕಾದಾಗ ಮಾತ್ರ ಅದಕ್ಕೆ ಹಲ್ಲು, ಆರಿದ ಮೇಲೆ ಪರಮ ಸಾಧು. ಬರಿಯ ತವರ ಕರಗಲು 232 ಡಿಗ್ರಿ ಬೇಕು. ಅರವತ್ತು ಪಾಲು ತವರಕ್ಕೆ ನಲವತ್ತು ಪಾಲು ಸೀಸ ಕೂಡಿಸಿದರೆ 183ಕ್ಕೇ ಮೆತ್ತಗಾಗತೊಡಗುತ್ತದೆ.

ಅಕ್ಕ ಕಲಿಸಿದ್ದೂ ಕಲಾಯಿಯ ಕ್ರಮವನ್ನೇ. ಮೊದಲು ಐರನ್ ಮೂತಿಗೆ ಕಲಾಯಿ, ಆಮೇಲೆ ಹೆರೆದು ಹೊಸೆದ ವೈರಿನ ತುದಿಗೆ, ಆಮೇಲೆ ಸ್ವಿಚ್ಚಿನ ಕಾಲಿಗೆ. ಮೂರೂ ಬೆಳ್ಳಗಾದ ಮೇಲೆ ವೈರನ್ನು ಕಾಲಿನ ತೂತಿಗೆ ಕೊಕ್ಕೆ ಹಾಕಿ ಒಂದು ಸಲ ಕಾಸು, ಲೆಡ್ ಮುಟ್ಟಿಸು, ತೆಗೆ. ಅದು ಆರುವವರೆಗೆ ಅಲುಗಾಡಿಸಬೇಡ. ಅಲುಗಿದರೆ ಹೊಳಪು ಮಂಕಾಗಿ ಒಳಗೆ ಬಿರುಕು ಉಳಿಯುತ್ತದೆ. ನಮ್ಮ ಕಾಲದ ಟಿವಿ ರಿಪೇರಿಯವರು ಪ್ರತಿ ಸಲವೂ "ಡ್ರೈ ಸಾಲ್ಡರ್ ಆಗಿದೆ ಸಾರ್" ಎನ್ನುತ್ತಿದ್ದುದು ಇದಕ್ಕೇ. ಟಿವಿಯ ತಲೆಗೆ ಕುಟ್ಟಿದರೆ ಚಿತ್ರ ಬರುತ್ತಿತ್ತಲ್ಲ, ಆ ಏಟಿಗೆ ಬಿಟ್ಟ ಬೆಸುಗೆ ಕ್ಷಣಕಾಲ ಕೂಡಿಕೊಳ್ಳುತ್ತಿತ್ತು.

ಸಣ್ಣ ಸ್ವಿಚ್ಚಿನಲ್ಲಿ ಕಷ್ಟವೊಂದಿದೆ. ಹೆಚ್ಚು ಹೊತ್ತು ಕಾಸಿದರೆ ಕಾಲು ನಿಂತಿರುವ ಪ್ಲಾಸ್ಟಿಕ್ಕೇ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಹಳೆಯ ಮನೆಗಳ ಕಪ್ಪು ಗುಂಡು ಸ್ವಿಚ್ಚಿಗೆ ಈ ಹೆದರಿಕೆ ಇರಲಿಲ್ಲ. ಅದು ಬೇಕಲೈಟು, ಒಮ್ಮೆ ಗಟ್ಟಿಯಾದರೆ ಕರಗದ ಜಾತಿ. ಮರದ ಗುಂಡುಹಲಗೆಯ ಮೇಲೆ ಕೂತು, ಕೆಳಕ್ಕೆ ಒತ್ತಿದರೆ ಟಕ್ ಎನ್ನುತ್ತಿತ್ತು. ಆ ಟಕ್ಕಿಗೊಂದು ತಂದೆಯಿದ್ದಾನೆ, ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ಜಾನ್ ಹೆನ್ರಿ ಹೋಮ್ಸ್. ಸ್ವಿಚ್ಚನ್ನು ನಿಧಾನವಾಗಿ ಬಿಡಿಸಿದರೆ ನಡುವೆ ಕಿಡಿ ಹಾರಿ ಲೋಹ ಸುಡುತ್ತದೆ. ಕೈ ಎಷ್ಟು ಸೋಮಾರಿಯಾದರೂ ಸ್ಪ್ರಿಂಗು ತಟ್ಟನೆ ಬಿಡಿಸುವ ಉಪಾಯವನ್ನು ಅವನು 1884ರಲ್ಲಿ ಮಾಡಿದ.

ನಮ್ಮ ಊರು ಬೆಳಕಿನ ಬಗ್ಗೆ ಹೆಮ್ಮೆಪಡುವಾಗ ಸ್ವಿಚ್ಚು ಮಾಡಿದ, ವೈರು ಬೆಸೆದ ಸಣ್ಣಪುಟ್ಟವರು ಯಾರ ನೆನಪಿಗೂ ಬರುವುದಿಲ್ಲ. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು, ಕಲಾಸಿಪಾಳ್ಯದ ಪಕ್ಕದ ಸಿಟಿ ಮಾರ್ಕೆಟ್ಟಿನ ಕಡೆ ಬೀದಿದೀಪ ಹತ್ತಿತು, ಏಷ್ಯಾದಲ್ಲೇ ಮೊದಲು ಎಂದು ಭಾಷಣ ಮಾಡುತ್ತೇವೆ. (ಕಲ್ಕತ್ತೆಯವರ ಎದುರಿಗೆ ಹೇಳದಿರುವುದು ಕ್ಷೇಮ.) ದಿವಾನರ ಹೆಸರಿದೆ, ಜಲಪಾತದ ಹೆಸರಿದೆ. ಆ ತಂತಿಗಳ ಗಂಟುಗಳನ್ನು ಕಾಸಿ ಬೆಸೆದವರ ಹೆಸರಿಲ್ಲ. ಆ ಕಾಲದಲ್ಲಿ ಈ ಊರಲ್ಲಿ ಕಿಲುಬು ತೆಗೆದು ತವರ ಹಿಡಿಸುವ ವಿದ್ಯೆ ಯಾರ ಕೈಯಲ್ಲಿತ್ತು? ಅವರಲ್ಲಿ ಒಬ್ಬಿಬ್ಬರು ಕಲಾಯಿಯವರೂ ಇದ್ದಿರಬೇಕೆಂದು ನನ್ನ ಮನಸ್ಸು ಹಟ ಹಿಡಿದಿದೆ. ಪುರಾವೆ ಕೇಳಬೇಡಿ, ಇದು ನನ್ನ ಪಕ್ಷಪಾತ.

ಕಲಾಯಿಯವನನ್ನು ನಮ್ಮ ಬೀದಿಯಿಂದ ಓಡಿಸಿದ್ದು ಸ್ಟೀಲು. ಹೊಳೆಯುವ, ಕಿಲುಬು ಹಿಡಿಯದ, ಹಳೆ ರೇಷ್ಮೆ ಸೀರೆ ಕೊಟ್ಟರೂ ಸಿಗುವ ಪಾತ್ರೆ ಬಂದ ಮೇಲೆ ಅಜ್ಜಿಯ ತಪ್ಪಲೆಗಳು ಅಟ್ಟ ಹತ್ತಿದವು. ಈಗ ಹಿತ್ತಾಳೆಯಲ್ಲಿ ಅಡಿಗೆ ಆರೋಗ್ಯಕ್ಕೆ ಒಳ್ಳೆಯದೆಂದು ಎಲ್ಲರ ಮೊಬೈಲಿಗೂ ಬರತೊಡಗಿದೆ.

ದೇವರ ಮನೆಯ ದೀಪ ಹತ್ತಿದ ಸಂಜೆಯೇ ನನ್ನ ಹೆಂಡತಿ ಅಟ್ಟದಿಂದ ಒಂದು ತಪ್ಪಲೆ ಇಳಿಸಿ ಟೇಬಲ್ ಮೇಲಿಟ್ಟಳು. "ಎರಡೂ ಒಂದೇ ಅಂತ ನೀವೇ ಹೇಳಿದ್ರಲ್ಲ. ಇದಕ್ಕೊಂದಿಷ್ಟು ಹಿಡಿಸಿ, ನಾಳೆ ಸಾರು ಮಾಡ್ತೀನಿ." ಇದರಲ್ಲಿ ನಲವತ್ತು ಪಾಲು ಸೀಸ ಇದೆ, ಪಾತ್ರೆಗೆ ಹಾಕಿದರೆ ವಿಷ ಎಂದೆ. ಇಪ್ಪತ್ತೈದು ವಾಟಿಗೆ ತಪ್ಪಲೆ ಉಗುರುಬೆಚ್ಚಗೂ ಆಗುವುದಿಲ್ಲ ಎಂದೆ. ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದ ಅಕ್ಕ, "ಪರವಾಗಿಲ್ಲ, ಅಷ್ಟಾದ್ರೂ ಕಲ್ತಿದ್ದಾನೆ" ಎಂದರು. ಹೆಂಡತಿ ಮಾತ್ರ ತಪ್ಪಲೆಯನ್ನು ಅಲ್ಲಿಂದ ಕದಲಿಸಲಿಲ್ಲ. ಭಾನುವಾರ ಅದನ್ನು ಚೀಲಕ್ಕೆ ಹಾಕಿಕೊಂಡು ಪೇಟೆಯ ಪಾತ್ರೆ ಅಂಗಡಿಗಳ ಕಡೆ ಕಲಾಯಿಯವನನ್ನು ಹುಡುಕಲು ಹೊರಡಬೇಕು.