ಮುಂಚಕ್ರದ ಕವಲು

ಕೊಪ್ಪದ ಮೇಷ್ಟರ ಮನೆಯ ಅಟ್ಟದಲ್ಲಿ ಮೂರು ಮಳೆಗಾಲಗಳಷ್ಟು ಕಾಲ ಒಂದು ಸೈಕಲ್ಲು ನೇತಾಡುತ್ತಿತ್ತು. ಅದರ ಕೆಳಗೆ ಅಡಿಕೆ ಹಾಳೆಗಳ ಕಟ್ಟು, ಹಳೆಯ ಪಂಚಾಂಗಗಳು, ಹಿಡಿ ಮುರಿದ ಒಂದು ಕಡೆಗೋಲು. ಇವುಗಳ ಸಾಲಿಗೆ ಸೈಕಲ್ಲನ್ನೂ ಸೇರಿಸಿದವರು ಮೇಷ್ಟರ ಮನೆಯಾಕೆ. ಅದನ್ನು ಕೆಳಗಿಳಿಸಕೂಡದೆಂಬುದು ಅವರ ಆಜ್ಞೆ. ಆಜ್ಞೆಗೆ ಕಾರಣವಿಲ್ಲದಿರಲಿಲ್ಲ. ಮೇಷ್ಟರ ಎಡಗೈಯ ಮಣಿಕಟ್ಟಿನೊಳಗೆ ಆ ಕಾರಣವು ಒಂದು ಲೋಹದ ಪಟ್ಟಿಯ ರೂಪದಲ್ಲಿ ಇಂದಿಗೂ ಕುಳಿತಿದೆ.

ಸೈಕಲ್ಲು ಮೇಷ್ಟರ ತಮ್ಮನ ಮಗನದು. ಅಮೆರಿಕದಲ್ಲಿ ಓದುತ್ತಿದ್ದಾಗ ಹಳೆಯದನ್ನು ಕೊಂಡು, 2006ರಲ್ಲಿ ಊರಿಗೆ ಮರಳುವಾಗ ಪೆಟ್ಟಿಗೆಯಲ್ಲಿಟ್ಟು ತಂದಿದ್ದನು. ಬೆಟ್ಟದ ದಾರಿಗೆಂದೇ ಮಾಡಿದ ಉಕ್ಕಿನ ಚೌಕಟ್ಟು, 26 ಅಂಗುಲದ ಚಕ್ರಗಳು, ಮುಂದೆ ಸ್ಪ್ರಿಂಗುಳ್ಳ ಕವಲು. ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸವಾಯಿತು. ಸೈಕಲ್ಲು ಕೊಪ್ಪದಲ್ಲಿ ಉಳಿಯಿತು. ನಿವೃತ್ತರಾದ ಮೇಷ್ಟರು ಅದನ್ನು ತಮ್ಮದಾಗಿಸಿಕೊಂಡರು. ಬೆಳಗಿನ ಹೊತ್ತು ತೋಟಗಳ ನಡುವಣ ಮಣ್ಣುದಾರಿಯಲ್ಲಿ ಎರಡು ಗಂಟೆ ಸುತ್ತಿ ಬಂದರೆ ಅವರಿಗೆ ದಿನವೆಲ್ಲ ಲವಲವಿಕೆ. ಬಸ್ಸಿನಲ್ಲಿ ಹೋಗುವವನಿಗೆ ಪಕ್ಕದವನ ಹೆಗಲು ಕಾಣುವುದೇ ಹೊರತು ಊರು ಕಾಣದೆಂದು ಅವರು ವಾದಿಸುತ್ತಿದ್ದರು. ಮನೆಯಾಕೆ ಈ ವಾದವನ್ನು ಒಪ್ಪಿದ್ದರೆಂದು ಹೇಳುವಂತಿಲ್ಲ, ಕೇಳಿ ಸುಮ್ಮನಿದ್ದರು.

ಮೂರು ವರ್ಷದ ಹಿಂದಿನ ಆಷಾಢದಲ್ಲಿ ಅನಾಹುತವಾಯಿತು. ಸ್ಪ್ರಿಂಗಿನ ಕವಲೆಂದರೆ ಎರಡು ಕೊಳವೆಗಳು, ಅವುಗಳೊಳಗೆ ಜಾರುವ ಇನ್ನೆರಡು ಕೊಳವೆಗಳು, ನಡುವೆ ರಬ್ಬರಿನ ಬಳೆ. ಮಲೆನಾಡಿನ ಮಳೆ ಜೂನಿನಲ್ಲಿ ಹಿಡಿದರೆ ಸೆಪ್ಟೆಂಬರಿನವರೆಗೆ ಬಿಡುವುದಿಲ್ಲ. ಆ ಬಳೆ ಎಷ್ಟೆಂದು ತಡೆದೀತು? ಕೆಂಪು ಕೆಸರು ಒಳಸೇರಿ, ನೀರು ನಿಂತು, ತುಕ್ಕು ಹತ್ತಿ, ಜಾರಬೇಕಾದ ಕೊಳವೆ ಜಾರದೆ ಕಚ್ಚಿಕೊಂಡಿತ್ತು. ಇಳಿಜಾರಿನಲ್ಲಿ ಮೇಷ್ಟರು ಮುಂದಿನ ಬ್ರೇಕು ಹಿಡಿದರು. ಕವಲು ಮೊದಲು ಅಲುಗಲಿಲ್ಲ. ಮರುಕ್ಷಣ ಒಮ್ಮೆಲೆ ಕುಸಿಯಿತು. ಮೇಷ್ಟರು ಹ್ಯಾಂಡಲಿನ ಮೇಲಿನಿಂದ ಹಾರಿ ಕೈಯೂರಿ ಬಿದ್ದರು.

ಮಣಿಕಟ್ಟು ಕೂಡಿಕೊಂಡಿತು. ಮೂಳೆಯ ವೈದ್ಯರು, ಇನ್ನು ಸೈಕಲ್ಲು ಹತ್ತಲಡ್ಡಿಯಿಲ್ಲ, ಆದರೆ ಬೀಳಬಾರದು ಎಂದರು. ಬೀಳಬೇಕೆಂದು ಹತ್ತುವವರು ಯಾರೂ ಇಲ್ಲವಾದ್ದರಿಂದ ಮೇಷ್ಟರು ಇದನ್ನು ಪೂರ್ಣ ಅನುಮತಿಯೆಂದೇ ತಿಳಿದರು. ಮನೆಯಾಕೆ ಮಾತ್ರ ಬಹಳ ದಿನ ಒಪ್ಪಲಿಲ್ಲ. ಕಡೆಗೊಂದು ಸಂಜೆ, ಮಜ್ಜಿಗೆ ಕಡೆಯುತ್ತಾ, ಬೆನ್ನು ತಿರುಗಿಸಿಕೊಂಡೇ ಹೇಳಿದರು:

“ಆ ಕುಣಿಯುವ ಕಾಲನ್ನು ಕಿತ್ತು ಹಾಕಿಸಿ. ನೆಟ್ಟಗೆ ನಿಲ್ಲುವಂಥದನ್ನು ಹಾಕಿಸುವುದಾದರೆ ಸೈಕಲ್ಲು ಇಳಿಸಿ. ಇಲ್ಲವಾದರೆ ನನ್ನ ಹತ್ತಿರ ಆ ಮಾತೆತ್ತಬೇಡಿ.”

ಇಂಥ ವಿಷಯದಲ್ಲಿ ಬಲ್ಲವರು ಪುಟಗಟ್ಟಲೆ ಬರೆದು ಮುಟ್ಟುವ ನಿರ್ಣಯವನ್ನು ಆಕೆ ಮಜ್ಜಿಗೆಯ ಗಡಿಗೆಯ ಮುಂದೆಯೇ ಮುಟ್ಟಿದ್ದರು. ಬೆಟ್ಟದ ಸೈಕಲ್ಲಿಗೆ ಸ್ಪ್ರಿಂಗು ಹುಟ್ಟಿನಿಂದ ಬಂದದ್ದೇನಲ್ಲ. ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದಲ್ಲಿ ಕೆಲವು ತರುಣರು ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ಬೆಟ್ಟದ ಮೇಲೊಯ್ದು ಮಣ್ಣಿನ ಇಳಿಜಾರಿನಲ್ಲಿ ಬಿಡುತ್ತಿದ್ದರು. 1976ರಲ್ಲಿ ಅದೇ ಒಂದು ಪಂದ್ಯವಾಯಿತು. ಒಮ್ಮೆ ಇಳಿದರೆ ಹಿಂಚಕ್ರದ ಬ್ರೇಕಿನೊಳಗಣ ಗ್ರೀಸು ಸುಟ್ಟು ಹೊಗೆಯಾಗುತ್ತಿದ್ದುದರಿಂದ, ಮತ್ತೆ ಗ್ರೀಸು ತುಂಬಬೇಕಾದ ಆ ಇಳಿಜಾರಿಗೆ ‘ರಿಪ್ಯಾಕ್’ ಎಂದೇ ಹೆಸರು ನಿಂತಿತು. ಅವರಲ್ಲೊಬ್ಬರಾದ ಜೋ ಬ್ರೀಜ್ 1977ರಲ್ಲಿ ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕಿನ ಕೊಳವೆಗಳಿಂದ ಬೆಟ್ಟಕ್ಕೆಂದೇ ಸೈಕಲ್ಲು ಕಟ್ಟಿದರು. ಇವರೆಲ್ಲರದೂ ಬಿಗಿ ಕವಲೇ. ಕುಣಿಯುವ ಕವಲು ಅಂಗಡಿಗಳಿಗೆ ಬಂದು ಹರಡಿದ್ದು 1989ರಿಂದೀಚೆಗೆ. ಅಷ್ಟು ದೂರವೇಕೆ, ಮಲೆನಾಡಿನ ಅಂಚೆಯವರೂ ಶಾಲಾ ಮೇಷ್ಟರೂ ಇದೇ ಕಲ್ಲುದಾರಿಗಳಲ್ಲಿ ದೊಡ್ಡ ಚಕ್ರದ ಕಪ್ಪು ಸೈಕಲ್ಲನ್ನು ಬಿಗಿ ಕವಲಿನ ಮೇಲೆಯೇ ಒಂದು ತಲೆಮಾರು ಓಡಿಸಿದವರು.

ಆದರೂ ಬೆಂಗಳೂರಿನ ಹುಡುಗನಿಗೆ ಸಮಾಧಾನವಿಲ್ಲ. “ದೊಡ್ಡಪ್ಪ, ನಿಮ್ಮ ಮಣಿಕಟ್ಟಿಗೆ ಬಿಗಿ ಕವಲು ಆಗುತ್ತದೆಯೇ? ಕಲ್ಲಿನ ಪೆಟ್ಟೆಲ್ಲ ನೇರ ಕೈಗೆ ಬರುತ್ತದೆ. ಒಳ್ಳೆಯ ಸ್ಪ್ರಿಂಗಿನದನ್ನೇ ಕೊಡಿಸುತ್ತೇನೆ” ಎಂದು ದೂರವಾಣಿಯಲ್ಲಿ ವಾದಿಸಿದನು. ಅವನ ಮಾತು ತಳ್ಳಿಹಾಕುವಂಥದಲ್ಲ. ಒಳ್ಳೆಯ ಸ್ಪ್ರಿಂಗು ನಿಜವಾಗಿಯೂ ಒಳ್ಳೆಯದೇ. ಆದರೆ ಅದಕ್ಕೆ ವರ್ಷಕ್ಕೊಮ್ಮೆಯಾದರೂ ಬಿಚ್ಚಿ, ಎಣ್ಣೆ ಬದಲಿಸಿ, ಬಳೆ ಬದಲಿಸುವ ಕೈ ಬೇಕು. ಮಳೆಯ ನಾಡಿನಲ್ಲಿ ವರ್ಷಕ್ಕೊಮ್ಮೆಯೂ ಸಾಲದು. ಆ ಕೈ ಕೊಪ್ಪದಲ್ಲಿರಲಿಲ್ಲ. ಪೆಟ್ಟು ತಿಂದು ನೋಯುವುದು ಬೇರೆ, ನಂಬಿದ್ದು ಕುಸಿದು ಬೀಳುವುದು ಬೇರೆ ಎಂದು ಮೇಷ್ಟರು ಉತ್ತರ ಕೊಟ್ಟರು. ಹುಡುಗನು ಸೋತು, ತಾನೇ ಒಂದು ಬಿಗಿ ಕವಲನ್ನು ಕೊಂಡು ಪಾರ್ಸಲ್ ಮಾಡಿದನು.

ಪಾರ್ಸಲ್ಲಿನೊಡನೆ ಸೈಕಲ್ಲನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ಮೇಷ್ಟರು ನರಸಿಂಹರಾಜಪುರಕ್ಕೆ ಹೋದರು. ಎಡೆಹಳ್ಳಿಯೆಂಬ ಹೆಸರು ಕಳೆದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಪಡೆದ ಊರು ಅದು. ಹಿಂದೆ ತರೀಕೆರೆಯಿಂದ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಬರುತ್ತಿತ್ತು. ಈಗ ರೈಲಿಲ್ಲ. ಸೈಕಲ್ಲು ರಿಪೇರಿಯ ಸಾಹೇಬರೊಬ್ಬರು ಇದ್ದಾರೆ. ಅವರ ಅಂಗಡಿಯಲ್ಲಿ ಮೋಟಾರು ಸೈಕಲ್ಲಿನ ಪಂಕ್ಚರಿನದೇ ದೊಡ್ಡ ವ್ಯಾಪಾರವಾದರೂ, ಸೈಕಲ್ಲು ಬಂದರೆ ಸ್ಟೂಲಿನಿಂದ ಎದ್ದು ನಿಲ್ಲುತ್ತಾರೆ.

ಹೊಸ ಕವಲು ಚೌಕಟ್ಟಿಗೆ ಹೊಕ್ಕಿತು. ಮೇಲಣ ಕೊಳವೆಯ ದಪ್ಪ ಸರಿ, ಬೇರಿಂಗು ಕುಳಿತಿತು, ಚಕ್ರವೂ ಕೂಡಿತು. ಮೇಷ್ಟರು ಹಿಗ್ಗಿದರು. ಸಾಹೇಬರು ಮಾತ್ರ ದೂರ ನಿಂತು ತಲೆ ಓರೆ ಮಾಡಿ ನೋಡಿ, “ಮೇಲಣ ಕೊಳವೆ ಉದ್ದವಿದೆ. ಅದನ್ನು ಈಗಲೇ ಕೊಯ್ಯುವುದಿಲ್ಲ ಮೇಷ್ಟ್ರೇ. ಓಡಿಸಿ ನೋಡಿ ಬನ್ನಿ. ಕೊಯ್ದದ್ದು ಮತ್ತೆ ಬೆಳೆಯುವುದಿಲ್ಲ” ಎಂದರು.

ಈ ಒಂದು ಮಾತಿನಿಂದ ಮೇಷ್ಟರ ಹಣ ಉಳಿಯಿತು. ಮನೆಯ ಮುಂದಿನ ಓಣಿಯಲ್ಲೇ ಸೈಕಲ್ಲು ವಿಚಿತ್ರವಾಗಿ ನಡೆಯತೊಡಗಿತು. ಹ್ಯಾಂಡಲು ಸ್ವಲ್ಪ ಮುಟ್ಟಿದರೆ ಚಕ್ರ ಚಂಗನೆ ತಿರುಗುವುದು. ತಿರುವಿನಲ್ಲಿ ಪೆಡಲು ಕಲ್ಲಿಗೆ ತಗಲುವುದು. ಇಳಿಜಾರಿನಲ್ಲಂತೂ ಮುಂದಕ್ಕೆ ದೂಡಿದಂತೆ ಭಾಸ. ಜಗಲಿಯ ಮೇಲೆ ನಿಂತು ನೋಡುತ್ತಿದ್ದ ಮನೆಯಾಕೆ, “ಇದೇನು, ತಲೆ ತಗ್ಗಿಸಿ ಮೇಯುವ ಎತ್ತಿನ ಹಾಗಿದೆಯಲ್ಲ!” ಎಂದರು.

ಹಾಗೇ ಇತ್ತು. ಕವಲು ಕೊಳ್ಳುವವರು ಚಕ್ರದ ಅಳತೆ ಕೇಳುತ್ತಾರೆ, ಬಣ್ಣ ಕೇಳುತ್ತಾರೆ, ತೂಕ ಕೇಳುತ್ತಾರೆ. ಕೇಳಬೇಕಾದ ಮುಖ್ಯ ಅಳತೆಯನ್ನು ಬಿಡುತ್ತಾರೆ. ಚಕ್ರದ ಅಚ್ಚಿನ ನಡುವಿನಿಂದ, ಕವಲಿನ ಹೆಗಲ ಮೇಲೆ ಬೇರಿಂಗು ಕೂರುವ ಜಾಗದವರೆಗಿನ ಉದ್ದವೇ ಆ ಅಳತೆ. ಸ್ಪ್ರಿಂಗಿಗೆಂದು ಹುಟ್ಟಿದ ಚೌಕಟ್ಟು ಆ ಉದ್ದವನ್ನು ಲೆಕ್ಕವಿಟ್ಟೇ ಹುಟ್ಟಿರುತ್ತದೆ. ಸ್ಪ್ರಿಂಗಿಲ್ಲದ ಕಾಲದ ಚೌಕಟ್ಟಿಗೆಂದು ಮಾಡಿದ ಗಿಡ್ಡ ಕವಲನ್ನು ಇದಕ್ಕೆ ಹಾಕಿದರೆ ಮುಂಭಾಗ ಇಳಿಯುತ್ತದೆ. ಸುಮಾರಾಗಿ ಪ್ರತಿ 20 ಮಿಲಿಮೀಟರಿಗೆ ಹ್ಯಾಂಡಲಿನ ಕೊಳವೆ ಒಂದು ಡಿಗ್ರಿಯಷ್ಟು ನೆಟ್ಟಗಾಗುತ್ತದೆ. ನೆಟ್ಟಗಾದಷ್ಟೂ ಚಕ್ರ ಚಂಚಲ. ಹುಡುಗನು ಕಳಿಸಿದ್ದು 26 ಅಂಗುಲದ ಚಕ್ರಕ್ಕೆಂಬುದೇನೋ ನಿಜವೇ. ಆದರೆ ಅದರ ಉದ್ದ 395 ಮಿಲಿಮೀಟರು.

ಸಾಹೇಬರು ಹಳೆಯ ಕವಲನ್ನು ಎಸೆದಿರಲಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿ, ತುಕ್ಕು ಬಿಡಿಸಿ, ಅಳತೆಗೆ ಸಾಕಾಗುವಷ್ಟು ಜಾರುವಂತೆ ಮಾಡಿ ಮರಳಿ ಜೋಡಿಸಿಕೊಟ್ಟರು. ಬರಿಯ ಉದ್ದವಲ್ಲ, ಸವಾರನ ಭಾರಕ್ಕೆ ಅದು ಎಷ್ಟು ತಗ್ಗುತ್ತದೆಂಬುದೂ ಬೇಕು. ತಗ್ಗಿದ ಮೇಲೆ ಉಳಿಯುವ ಉದ್ದವೇ ಹೊಸ ಕವಲಿನ ಉದ್ದವಾಗಬೇಕೆಂದು ತಿಳಿಸಿದರು. ಅಳೆಯುವವರು ಯಾರು? ಮೇಷ್ಟರು ಸೈಕಲ್ಲಿನ ಮೇಲೆ ಕುಳಿತು, ಮೊಣಕೈಯನ್ನು ಗೋಡೆಗೊರಗಿಸಿಕೊಂಡು, ಒಬ್ಬರೇ ಬಗ್ಗಿ ನೋಡಲು ಹೋಗಿ ಓಲಾಡಿದರು. ಒಳಗಿನಿಂದ ಬಂದ ಮನೆಯಾಕೆ ಕ್ಷಣಕಾಲ ನೋಡಿ, ಹೊಲಿಗೆಯ ಪೆಟ್ಟಿಗೆಯಿಂದ ಟೇಪು ತಂದು, ನೆಲದ ಮೇಲೆ ಕುಳಿತರು.

“ಅಲುಗಬೇಡಿ” ಎಂದರು. ರವಿಕೆಯ ಬಟ್ಟೆ ಅಳೆದು ಪಳಗಿದ ಕೈ ಅದು. ಭಾರವಿಲ್ಲದಾಗ ನಲವತ್ತೈದು ಸೆಂಟಿಮೀಟರಿಗೆ ಎರಡು ಗೆರೆ ಹೆಚ್ಚು. ಮೇಷ್ಟರು ಕುಳಿತಾಗ ನಲವತ್ತಮೂರೂವರೆ. ಮೂರು ಸಲ ಅಳೆದು, ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟರು. ಟೇಪನ್ನು ಸುತ್ತುತ್ತಾ, ಮೂರು ವರ್ಷಗಳಲ್ಲಿ ಮೊದಲ ಬಾರಿಗೆ, ಆ ದಿನ ನಿಮ್ಮನ್ನು ಹೊತ್ತು ತಂದಾಗ ಅಂಗಿಯ ತೋಳಿನ ತುಂಬ ಕೆಸರಿತ್ತು, ಅದನ್ನು ತೊಳೆಯುತ್ತ ಕೂತವಳಿಗೆ ಒಳಗಿರುವುದು ಕೆಸರೋ ರಕ್ತವೋ ತಿಳಿಯಲಿಲ್ಲ ಎಂದರು. ಮೇಷ್ಟರು ಸೈಕಲ್ಲಿನಿಂದ ಇಳಿಯಲು ಮರೆತು ಹಾಗೆಯೇ ಕುಳಿತಿದ್ದರು.

ಉದ್ದ 435 ಎಂದು ಗೊತ್ತಾದ ಮೇಲೆ ಉಳಿದದ್ದು ಸುಲಭವೆನ್ನಬೇಕು. ಇಂಗಾಲದ ನಾರಿನ ಕವಲು ಎಲ್ಲಕ್ಕಿಂತ ಹಗುರ. ಆದರೆ ಪೆಟ್ಟು ತಿಂದು ಒಳಗೆ ಬಿರಿದರೂ ಹೊರಗೆ ತಿಳಿಯದೆ ಇರಬಹುದು. ಅಲ್ಯೂಮಿನಿಯಂ ಸಣ್ಣಪುಟ್ಟ ಪೆಟ್ಟುಗಳನ್ನೂ ಕಾಲಕ್ರಮದಲ್ಲಿ ಲೆಕ್ಕವಿಟ್ಟು ದಣಿಯುವ ಲೋಹ. ಉಕ್ಕು, ಅದರ ಶಕ್ತಿಯ ಮೇರೆಯೊಳಗಿನ ಪೆಟ್ಟುಗಳನ್ನು ಎಷ್ಟು ಬಾರಿಯಾದರೂ ತಾಳಬಲ್ಲದು. ಮೇರೆ ಮೀರಿದಾಗಲೂ ಸಾಮಾನ್ಯವಾಗಿ ಮುರಿಯುವ ಮುನ್ನ ಬಾಗಿ ಎಚ್ಚರಿಸುತ್ತದೆ. ಬಾಗಿದ ಕವಲನ್ನು ಬಡಿದು ನೆಟ್ಟಗೆ ಮಾಡಿಸುವ ದುರಾಸೆ ಮಾತ್ರ ಕೂಡದು. ಬ್ರೇಕಿನ ವಿಷಯದಲ್ಲಿ ಸ್ವಲ್ಪ ಯೋಚನೆಯಾಯಿತು. ಕೆಸರಿನಲ್ಲಿ ತಟ್ಟೆಯ ಬ್ರೇಕೇ ಮೇಲು. ರಿಮ್ಮು ಹಿಡಿಯುವ ಬ್ರೇಕಿನಲ್ಲಿ ಮರಳು ಸೇರಿ ರಿಮ್ಮನ್ನೇ ಅರೆಯುತ್ತದೆ. ಆದರೆ ತಟ್ಟೆಯದಾದರೆ ಹಬ್ಬೂ ಹೊಸದಾಗಬೇಕು. ಎರಡಕ್ಕೂ ಗೂಟವಿರುವ ಕವಲನ್ನು ಕೊಂಡು, ಸದ್ಯಕ್ಕೆ ಹಳೆಯ ಬ್ರೇಕನ್ನೇ ಉಳಿಸಿಕೊಂಡರು.

ಈ ಸಲ ಪಾರ್ಸಲ್ಲು ಬಿಚ್ಚಿದೊಡನೆ ಮೊದಲು ಟೇಪು ಬಂತು. ಅಳತೆ ಸರಿಯಿತ್ತು. ನರಸಿಂಹರಾಜಪುರದಲ್ಲಿ ಸಾಹೇಬರು ಎರಡನ್ನೂ ಪಕ್ಕದ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿಸಿದರು: ಹಳೆಯದು 2 ಕಿಲೋ 300 ಗ್ರಾಂ, ಹೊಸದು 1 ಕಿಲೋ 200. ಒಳಗೆ ತುಕ್ಕು ಹತ್ತದಂತೆ ಕಾಲುಗಳ ಸಣ್ಣ ರಂಧ್ರದಿಂದ ಅಗಸೆ ಎಣ್ಣೆ ಬಿಟ್ಟು, ತಿರುಗಿಸಿ ತಿರುಗಿಸಿ ಸುರಿಸಿ, ಒಂದು ರಾತ್ರಿ ತಲೆಕೆಳಗಾಗಿ ನಿಲ್ಲಿಸಿದರು. ಎರಡೂಕಾಲು ಅಂಗುಲದ ದಪ್ಪ ಟಯರು ಹಾಕಿದ ಮೇಲೂ ಕವಲಿನ ಹೆಗಲಿಗೂ ಟಯರಿಗೂ ನಡುವೆ ತಮ್ಮ ಹೆಬ್ಬೆರಳು ತೂರುವುದೇ ಎಂದು ನೋಡಿದರು. ಅಷ್ಟು ಜಾಗವಿಲ್ಲದಿದ್ದರೆ ಕೆಮ್ಮಣ್ಣು ಮೆತ್ತಿ ಚಕ್ರವೇ ನಿಂತುಬಿಡುತ್ತದೆ. ಎಲ್ಲ ಆದ ಮೇಲೆ ಮೇಲಣ ಕೊಳವೆಯನ್ನು ಕೊಯ್ದರು. ಆಗಲೂ ಒಂದು ಬೆರಳಗಲ ಹೆಚ್ಚಾಗಿಯೇ ಬಿಟ್ಟರು.

“ಇನ್ನು ನಿಮ್ಮ ಸ್ಪ್ರಿಂಗು ಇದೇ” ಎಂದು ಸಾಹೇಬರು ಟಯರನ್ನು ಹಿಸುಕಿ ತೋರಿಸಿದರು. “ಕಲ್ಲಿನ ಹಾಗೆ ಗಾಳಿ ತುಂಬಬೇಡಿ. ಮೂವತ್ತು ಪೌಂಡು ಸಾಕು.”

ಒಂದು ತಿಂಗಳು ಮೇಷ್ಟರು ಓಣಿ, ಪೇಟೆ, ತೋಟದ ದಾರಿಗಳಲ್ಲಿಯೇ ಓಡಾಡಿದರು. ಬಿಗಿ ಕವಲಿಗೆ ಬೇರೆ ಬಗೆಯ ಸವಾರಿ ಬೇಕೆಂಬುದು ಮೆಲ್ಲಗೆ ತಿಳಿಯಿತು. ಸ್ಪ್ರಿಂಗಿದ್ದಾಗ ಕಲ್ಲಿನ ಮೇಲೆ ಕಣ್ಣು ಮುಚ್ಚಿ ಹಾಯಿಸುತ್ತಿದ್ದರು. ಈಗ ಹತ್ತು ಮಾರು ಮುಂದೆ ನೋಡಿ ದಾರಿ ಆರಿಸಬೇಕು, ಮೊಣಕೈ ಸಡಿಲ ಬಿಡಬೇಕು, ಹಳ್ಳ ಬಂದರೆ ಆಸನದಿಂದ ಎದ್ದು ನಿಲ್ಲಬೇಕು. ಮಣಿಕಟ್ಟು ಮೊದಲ ವಾರ ನೊಂದಿತು, ಎರಡನೆಯ ವಾರ ಮರೆಯಿತು. ಬ್ರೇಕು ಹಿಡಿದರೆ ಹಿಡಿದಷ್ಟೇ ಸೈಕಲ್ಲು ನಿಧಾನವಾಗುತ್ತಿತ್ತು. ಮುಂದಿನ ಕಾಲು ಬಗ್ಗುತ್ತಿರಲಿಲ್ಲ.

ಕಾರ್ತಿಕದ ಒಂದು ಬೆಳಗ್ಗೆ ಅವರು ಶೃಂಗೇರಿಗೆ ಹೊರಟರು. ಹರಿಹರಪುರದ ಮೇಲೆ ಹೋಗುವ ದಾರಿ. ಸುಮಾರು 30 ಕಿಲೋಮೀಟರು. ಮನೆಯಾಕೆ ಬೇಡವೆನ್ನಲಿಲ್ಲ, ಹೋಗಿ ಬನ್ನಿರೆಂದೂ ಅನ್ನಲಿಲ್ಲ. ಬುತ್ತಿ ಕಟ್ಟಿಕೊಟ್ಟು, ಮುಂಚಕ್ರವನ್ನೊಮ್ಮೆ ಅಲುಗಿಸಿ ನೋಡಿ ಒಳಗೆ ಹೋದರು. ಮಂಜು ಇನ್ನೂ ಎದ್ದಿರಲಿಲ್ಲ. ತೋಟಗಳಲ್ಲಿ ಅಡಿಕೆ ಕೊಯ್ಲಿನ ಗದ್ದಲ. ಟಾರು ಕಿತ್ತ ಕಡೆ ಮೇಷ್ಟರು ಎದ್ದು ನಿಂತು ಪೆಡಲು ತುಳಿದರು. ಏರಿನಲ್ಲಿ ಎರಡು ಕಡೆ ಇಳಿದು ತಳ್ಳಿದರು. ಅದಕ್ಕೆ ಕವಲಿನ ದೋಷವಿಲ್ಲ, ವಯಸ್ಸಿನದು.

ವಿದ್ಯಾಶಂಕರ ದೇವಾಲಯವನ್ನು ಸುತ್ತಿ, ತುಂಗೆಯ ಮೆಟ್ಟಿಲುಗಳ ಮೇಲೆ ಕುಳಿತು, ಮಂಡಕ್ಕಿಯ ಪೊಟ್ಟಣ ಬಿಚ್ಚಿ ಮೀನುಗಳಿಗೆ ಎರಚಿದರು. ಅಂಗೈಗಳು ಕೆಂಪಾಗಿ ಜುಮುಗುಟ್ಟುತ್ತಿದ್ದುವು. ಅಷ್ಟರಲ್ಲಿ ಮನೆಯಿಂದ ಕರೆ ಬಂತು.

“ತಲುಪಿದಿರಾ? ಮಣಿಕಟ್ಟು ಹೇಗಿದೆ?”

“ಮಣಿಕಟ್ಟಿಗೇನೂ ಆಗಿಲ್ಲ. ಅಂಗೈ ಸ್ವಲ್ಪ ಉರಿಯುತ್ತಿದೆ.”

“ಹಾಗಾದರೆ ಬರುವಾಗ ಬಸ್ಸಿಗೆ ಬನ್ನಿ. ಸೈಕಲ್ಲು ಮೇಲೆ ಹಾಕಿಸಿ.”

“ನೋಡೋಣ” ಎಂದರು ಮೇಷ್ಟರು. ಮೆಟ್ಟಿಲು ಹತ್ತಿ ಬಂದು, ಗೋಡೆಗೊರಗಿಸಿದ್ದ ಸೈಕಲ್ಲಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಮುಂಚಕ್ರದ ಗಾಳಿಯನ್ನು ಸ್ವಲ್ಪ ಬಿಟ್ಟರು. ಬೆರಳಿನಿಂದ ಟಯರನ್ನು ಒತ್ತಿ ನೋಡಿ, ಇನ್ನೂ ಸ್ವಲ್ಪ ಬಿಟ್ಟರು.