ಮುಖ ಯಾವ ಕಡೆಗೆ?

ಉದಗೀರ, ಬೆಳಗ್ಗೆ. ಕೋಟೆಯ ಕಂದಕ ನೋಡುತ್ತ ಚಹಾ. 1636ರಲ್ಲಿ ಷಹಜಹಾನನ ಸರದಾರ ಖಾನ್ ದೌರಾನ್ ಇಲ್ಲಿಗೆ ಮುತ್ತಿಗೆ ಹಾಕಿದಾಗ ಒಳಗಿದ್ದ ಕಿಲ್ಲೇದಾರ ಸಿದ್ದಿ ಮಿಫ್ತಾಹ್, ಹಬಶಿ. ಹಬಶ್ ಅಂದರೆ ಇಥಿಯೋಪಿಯಾ ಕಡೆಯ ಸೀಮೆ. ಕೋಟೆ ಬಿಟ್ಟುಕೊಟ್ಟವನನ್ನು ಮೊಗಲರು ಚಾಕರಿಗೇ ಸೇರಿಸಿಕೊಂಡು ‘ಹಬಶ್ ಖಾನ್’ ಎಂದು ಬಿರುದು ಕೊಟ್ಟರು. ಸೋತವನಿಗೂ ಹೆಸರುಂಟು, ಹುದ್ದೆಯುಂಟು.

ನಿಲಂಗಾ ಬಸ್ಸು. 1956ರವರೆಗೆ ಈ ಎರಡೂ ಊರು ಬೀದರ ಜಿಲ್ಲೆಯವೇ. ಪಕ್ಕದ ಸೀಟಿನ ಕಾಕಾ ಕನ್ನಡದಲ್ಲೇ ಮಾತಿಗಿಳಿದರು. ನನ್ನ ಮೊಬೈಲಿನಲ್ಲಿ ಚಾರ್ಲ್ಸ್ ಫ್ರಿಪ್ ಬರೆದ ಇಸಾಂಡ್ಲ್ವಾನಾ ಕಾಳಗದ ಚಿತ್ರ. ಲಂಡನ್ನಿನ ‘ಗ್ರಾಫಿಕ್’ ಪತ್ರಿಕೆಗಾಗಿ ಜುಲು ಯುದ್ಧಕ್ಕೆ ಹೋದ ಚಿತ್ರಕಾರ ಈತ. ಆದರೆ ಆಫ್ರಿಕಾ ಮುಟ್ಟುವಷ್ಟರಲ್ಲಿ ಆ ಕಾಳಗ ಮುಗಿದೇ ಹೋಗಿತ್ತು. ಕಾಳಗ 1879ರ ಜನವರಿ 22ರದು, ಚಿತ್ರ 1885ರದು.

ಕಾಕಾ ಕನ್ನಡಕ ಏರಿಸಿ ನೋಡಿದರು. “ಗೆದ್ದೋರು ಯಾರು?”

“ಜುಲು ಮಂದಿ. ಬ್ರಿಟಿಷರ ಕಡೆ ಸಾವಿರದ ಮುನ್ನೂರಕ್ಕೂ ಮ್ಯಾಲೆ ಸತ್ತರು.”

“ಮತ್ತ ಈ ಕೆಂಪಂಗಿಯವ್ರು ಯಾಕ ನಡಬರಕ ನಿಂತಾರ?”

ನನ್ನ ಬಳಿ ಉತ್ತರವಿರಲಿಲ್ಲ. ನಡುವೆ ನಿಂತವರಿಗೆ ಮೀಸೆ, ಗಾಯ, ಕಣ್ಣು ಎಲ್ಲ ಇದೆ. ಸುತ್ತಲಿನವರು ಗುರಾಣಿ, ಬೆನ್ನು, ಭರ್ಜಿ.

ನಿಲಂಗಾ ಸ್ಟ್ಯಾಂಡು. ನೀಲಕಂಠೇಶ್ವರ ಗುಡಿಗೆ ಹೋಗಿಬರುವಷ್ಟು ಹೊತ್ತಿಲ್ಲ. ಬರೆದಿಟ್ಟುಕೊಳ್ಳುವುದು: ಆ ಕಾಲದ ಸಚಿತ್ರ ಪತ್ರಿಕೆಗಳ ಕೆಲಸ ನಡೆಯುತ್ತಿದ್ದ ಬಗೆ. ರಣದಿಂದ ಬರುವುದು ಪೆನ್ಸಿಲ್ಲಿನ ಗೀಚು, ಅದೂ ಹಡಗಿನಲ್ಲಿ ವಾರಗಟ್ಟಲೆ. ಲಂಡನ್ನಿನಲ್ಲಿ ಬೇರೊಬ್ಬ ಅದನ್ನು ತಿದ್ದಿ, ಮರದ ತುಂಡುಗಳಿಗೆ ಬೋಲ್ಟು ಹಾಕಿ ಮಾಡಿದ ಹಲಗೆಯ ಮೇಲೆ ಬರೆಯುತ್ತಾನೆ. ಆಮೇಲೆ ಬೋಲ್ಟು ಬಿಚ್ಚಿ ಕೆತ್ತನೆಗಾರರಿಗೆ ಒಂದೊಂದು ತುಂಡು. ಒಬ್ಬನ ಪಾಲಿಗೆ ರಾತ್ರಿಯೆಲ್ಲ ಬರೀ ಆಕಾಶ, ಇನ್ನೊಬ್ಬನ ಪಾಲಿಗೆ ಒಬ್ಬ ಜುಲುವಿನ ಅರ್ಧ ಮೈ. ಆ ಜುಲುವಿಗೆ ಮುಖವೇ ಸಿಗದಿದ್ದರೆ ಯಾರನ್ನು ಬೈಯೋಣ?

ಬಿಳಿಯರ ಮೇಲೆ ಹೊರಿಸಿ ಸುಮ್ಮನಾಗೋಣವೆಂದರೆ ಜಹಾಂಗೀರ ಅಡ್ಡ ಬರುತ್ತಾನೆ. ದಖ್ಖನ್ನಿನ ಹಬಶಿ ಮಲಿಕ್ ಅಂಬರನನ್ನು ಅವನು ಕೊಲ್ಲಲೇ ಇಲ್ಲ. ಆದರೂ ಸುಮಾರು 1616ರಲ್ಲಿ ಅಬುಲ್ ಹಸನ್ ಬರೆದ ಚಿತ್ರದಲ್ಲಿ ಅಂಬರನ ರುಂಡ ಭರ್ಜಿಯ ತುದಿಯಲ್ಲಿದೆ, ಬಾದಶಹ ಭೂಗೋಲದ ಮೇಲೆ ನಿಂತು ಅದಕ್ಕೆ ಬಾಣ ಹೂಡಿದ್ದಾನೆ. ಅಂಬರ ಸತ್ತದ್ದು 1626ರಲ್ಲಿ. ಆಗದ ಗೆಲುವಿನ ಚಿತ್ರ! ಅಚ್ಚುಮನೆಯೊಂದು ಕಡಿಮೆ, ಅಷ್ಟೇ.

ಅದೇ ದಖ್ಖನ್ನಿನಲ್ಲಿ, ವಿಜಾಪುರದ ಚಿತ್ರಕಾರರು ಹಬಶಿ ಮಂತ್ರಿ ಇಖ್ಲಾಸ್ ಖಾನನನ್ನು ಸುಲ್ತಾನನ ಆನೆಯ ಮೇಲೆ ಅವನ ಬೆನ್ನಿಗೇ ಕೂರಿಸಿದ್ದಾರೆ. ಇಬ್ಬರದೂ ಪಕ್ಕದ ಮುಖ, ಒಂದೇ ಕಣ್ಣು. ನಮ್ಮ ಕಡೆ ದರ್ಬಾರಿನ ಮರ್ಯಾದೆಯ ಮುಖವೇ ಅದು.

ಉಮರ್ಗಾ, ಅಕ್ಕನ ಮನೆ. ಇನ್ನು ಹಬಶ್ ಸೀಮೆಯಲ್ಲೇ, 1896ರ ಮಾರ್ಚ್ 1ರಂದು ಅಡ್ವಾದಲ್ಲಿ ಇಟಲಿಯನ್ನು ಸೋಲಿಸಿದ ಇಥಿಯೋಪಿಯನ್ನರು ತಮ್ಮ ಚಿತ್ರ ತಾವೇ ಬರೆದುಕೊಂಡರು. ಅಲ್ಲಿನ ಇಗರ್ಜಿ ಚಿತ್ರಗಳ ಕಟ್ಟಳೆಯಂತೆ ಒಳ್ಳೆಯವರಿಗೆ ಪೂರ್ತಿ ಮುಖ, ಎರಡೂ ಕಣ್ಣು. ಕೇಡಿಗರಿಗೆ ಪಕ್ಕದ ಮುಖ, ಒಂದೇ ಕಣ್ಣು. ಹಾಗಾಗಿ ಇಟಲಿಯವರೆಲ್ಲ ಒಕ್ಕಣ್ಣರು. ಅಂದರೆ ವಿಜಾಪುರದ ಮರ್ಯಾದೆ ಅಡ್ವಾದಲ್ಲಿ ಅವಮಾನ. ಅಲ್ಲಿಯ ಕಣ್ಣಿಗೆ ನಮ್ಮ ಇಖ್ಲಾಸ್ ಖಾನ್ ಕೇಡಿಗನೋ? ಕಾಕಾ ಇದ್ದಿದ್ದರೆ ಕೇಳಬಹುದಿತ್ತು.

ಅಕ್ಕನ ಮಗಳು ಶಾಲೆಯ ಪ್ರಾಜೆಕ್ಟಿಗೆ ಉದಗೀರ ಕೋಟೆ ಬರೆಯುತ್ತಿದ್ದಾಳೆ. ಸಿದ್ದಿ ಮಿಫ್ತಾಹನ ಕತೆ ಹೇಳಿದೆ. ಬುರುಜಿನ ಮೇಲೆ ರುಮಾಲು ಬರೆದಳು, ಕೆಳಗೆ ಖಾಲಿ ಗುಂಡು ಸುತ್ತಿದಳು. ರಬ್ಬರು ಹುಡುಕುತ್ತ ಕೇಳಿದಳು: “ಮಾಮಾ, ಮುಖ ಯಾವ ಕಡೆ ಮಾಡ್ಲಿ?”